ಊದುವ ಮುಖ

ಹುಲಿಗೆವ್ವನ ಮುಖ ಕೆಡಿಸಿದವಳು ನಾನೇ ಎಂದು ನಮ್ಮೂರಲ್ಲಿ ಇವತ್ತಿಗೂ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಬಸ್‌ಸ್ಟ್ಯಾಂಡಿನ ಎದುರಿಗೆ ಮೂವತ್ತು ವರ್ಷದಿಂದ ಫೋಟೊ ಸ್ಟುಡಿಯೊ ಇಟ್ಟುಕೊಂಡು ಕೂತಿದ್ದೇನೆ. ಈ ಊರಿನ ಗಂಡಸರ ಮುಖ ನನಗೆ ಗೊತ್ತಿರುವಷ್ಟು ಅವರ ಹೆಂಡಿರಿಗೂ ಗೊತ್ತಿಲ್ಲ. ಅಂಬಕ್ಕನ ಬಾಯಿ ಜೋರು ಎನ್ನುತ್ತಾರೆ. ಜೋರೇ ಇದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ.

ನಮ್ಮೂರಲ್ಲಿ ಬದುಕಿರುವವರ ಫೋಟೊವನ್ನು ಸುಮ್ಮಸುಮ್ಮನೆ ಗೋಡೆಗೆ ಹಾಕುವುದಿಲ್ಲ. ಹಾಕಿದರೆ ಅವರ ಮುಖ ಫೋಟೊದಲ್ಲಿದ್ದಂತೆಯೇ ಆಗಿ, ಇಳಿಸುವ ತನಕ ಹಾಗೇ ನಿಲ್ಲುತ್ತದೆ. ಸಣ್ಣ ಫೋಟೊ ಆದರೆ ಒಂದು ದಿನ ಹಿಡಿಯುತ್ತದೆ, ದೊಡ್ಡ ಬ್ಯಾನರ್ ಆದರೆ ಹಗ್ಗ ಬಿಗಿಯುವಷ್ಟರಲ್ಲೇ ಮುಗಿದಿರುತ್ತದೆ. ಆಲ್ಬಮ್ಮಿನಲ್ಲಿ ಮುಚ್ಚಿಟ್ಟರೆ ಏನೂ ಆಗದು. ಶಾಲೆಯ ಗ್ರೂಪ್ ಫೋಟೊದಲ್ಲಿ ಕಣ್ಣು ಅರ್ಧ ಮುಚ್ಚಿಕೊಂಡ ಡ್ರಿಲ್ ಮಾಸ್ತರರು ಆ ವರ್ಷವಿಡೀ ತೂಕಡಿಸುತ್ತಲೇ ಕವಾಯತು ಮಾಡಿಸಿದರು. ಪುರಸಭೆಯ ಅಧ್ಯಕ್ಷರು ತಮ್ಮ ಹುಟ್ಟುಹಬ್ಬದ ಬ್ಯಾನರಿನಲ್ಲಿ ಕಂಪ್ಯೂಟರಿನಿಂದ ಬೆಳ್ಳಗೆ ಮಾಡಿಸಿಕೊಂಡು ಎಂಟು ದಿನ ಮೆರೆದರು. ಆ ಎಂಟೂ ದಿನ ಅವರ ಮನೆ ನಾಯಿ ಅವರನ್ನು ಗೇಟಿನ ಒಳಗೆ ಬಿಟ್ಟುಕೊಳ್ಳಲಿಲ್ಲ. ಮದುವೆ ಫೋಟೊವನ್ನು ಒಂದು ತಿಂಗಳು ಹಾಕಿ ಇಳಿಸುವುದು ವಾಡಿಕೆ. ಮೇಲಿನ ಓಣಿಯ ಒಬ್ಬ ಅತ್ತೆ ಮಾತ್ರ, ಸೊಸೆ ತಲೆ ತಗ್ಗಿಸಿಕೊಂಡಿದ್ದ ಫೋಟೊವನ್ನು ಮೂರು ವರ್ಷ ಇಳಿಸಲೇ ಇಲ್ಲ. ಕೊನೆಗೆ ಆ ಹುಡುಗಿ ಕುತ್ತಿಗೆ ನೋವು ತಡೆಯಲಾಗದೆ ನನ್ನ ಹತ್ತಿರ ಬಂದಳು. ಅವಳ ಗದ್ದದ ಕೆಳಗೆ ಕೈ ಕೊಟ್ಟು ತಲೆ ಎತ್ತಿಸಿ, ಹಳೆಯದನ್ನು ಮುಚ್ಚಿ ಹಾಕಲು ಹೊಸ ಫೋಟೊ ತೆಗೆದುಕೊಟ್ಟೆ. ಆ ಅತ್ತೆ ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಹೀಗಾಗಿ ಫೋಟೊ ತೆಗೆಯುವವರಿಗೆ ಇಲ್ಲೊಂದು ಕಟ್ಟಳೆ ಇದೆ. ಬಟನ್ ಒತ್ತುವ ಮುಂಚೆ, "ಇದೇ ಮುಖ ಇರ್ಲೇನ್ರಿ?" ಎಂದು ಮೂರು ಸಲ ಕೇಳಬೇಕು. ಕೂತವರು ತಮ್ಮ ಬಾಯಿಂದಲೇ ಮೂರು ಸಲ "ಇರ್ಲಿ" ಅನ್ನಬೇಕು. ಅವರ ಪರವಾಗಿ ಗಂಡನಾಗಲಿ, ತಂದೆತಾಯಿಯಾಗಲಿ ಹೇಳುವ ಹಾಗಿಲ್ಲ. ನಮ್ಮಪ್ಪ ನನಗೆ ಕ್ಯಾಮೆರಾ ಕೊಡುವ ಮುಂಚೆ ಕಲಿಸಿದ್ದು ಇಷ್ಟನ್ನೇ.

ಕೇಳಿಯೂ ತಪ್ಪಾಗುತ್ತದೆ. ಹಾಡುವ ಗುರುಶಾಂತಯ್ಯನವರ ಫೋಟೊ ತೆಗೆದದ್ದು ನಾನು. ತಂಬೂರಿಗೆ ಕೈ ಆನಿಸಿ, ತುಟಿ ಮುಚ್ಚಿ, ಧ್ಯಾನಕ್ಕೆ ಕೂತವರ ಹಾಗೆ ಕೂರಿಸಿದ್ದೆ. ಅಷ್ಟು ಚೆಂದದ ಫೋಟೊ ನಾನು ಮತ್ತೆ ತೆಗೆದಿಲ್ಲ. ಮೂರು ಸಲ ಕೇಳಿದ್ದೆ, ಅವರೂ ನಗುತ್ತ ಮೂರು ಸಲ ಹೇಳಿದ್ದರು. ಸಂಗೀತ ಸಭಾದವರು ಅದನ್ನು ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕಿದರು. ಮಾತಾಡುವುದಕ್ಕೆ, ಊಟಕ್ಕೆ ಸಾಕಾಗುವಷ್ಟು ಬಾಯಿ ತೆರೆಯುತ್ತಿತ್ತು. ಮೇಲಿನ ಷಡ್ಜಕ್ಕೆ ಬೇಕಾದಷ್ಟು ತೆರೆಯಲಿಲ್ಲ. ಇಳಿಸಿ ಎಂದು ನಾನು ಹೋಗಿ ಕೇಳಿದೆ. ಇಷ್ಟು ಶೋಭೆ ಕೊಡುವ ಫೋಟೊ ಇಳಿಸುವುದುಂಟೆ ಎಂದರು. ಹನ್ನೊಂದು ವರ್ಷದ ಮೇಲೆ ಸುಣ್ಣ ಹೊಡೆಯಲೆಂದು ಇಳಿಸಿದಾಗ ಗುರುಶಾಂತಯ್ಯನವರ ಮುಖ ವಾಪಸ್ ಬಂತು, ಹಾಡು ಬರಲಿಲ್ಲ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋದ ನಾನು ಅವರ ಮುಖ ನೋಡದೆ ಹಿಂದೆಯೇ ನಿಂತಿದ್ದೆ.

ಇನ್ನು ಹುಲಿಗೆವ್ವ. ನಲವತ್ತಾರು ವರ್ಷದವಳು, ಶಹನಾಯಿ ಊದುವವಳು. ಗಂಡುಮಕ್ಕಳಿಲ್ಲದ ಅವರಪ್ಪ ವಾದ್ಯವನ್ನು ಇವಳ ಕೈಗೆ ಕೊಟ್ಟು ಹೋದ. ನಮ್ಮೂರಲ್ಲಿ ಇವಳ ಊದು ಇಲ್ಲದೆ ಅಕ್ಷತೆ ಬೀಳುವುದಿಲ್ಲ. ಆದರೆ ಇವಳು ಕೂರುವುದು ಚಪ್ಪರದ ಹೊರಗೆ, ಚಪ್ಪಲಿ ಬಿಡುವ ಜಾಗದ ಹತ್ತಿರ. ಊಟಕ್ಕೆ ಕರೆಯುವಾಗ "ಆ ಊದೂ ಹೆಣ್ಮಗಳಿಗೂ ಹೇಳ್ರಿ" ಎನ್ನುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಅಡುಗೆಯವರ ಹೆಸರೂ ಇರುತ್ತದೆ, ಇವಳದು ಇರುವುದಿಲ್ಲ. ವೇದಿಕೆ ಮೇಲೆ ಕೂತು, ಜನ ತನ್ನ ಎದುರಿಗೆ ಕೂತು, ಒಂದೂವರೆ ತಾಸು ಊದಬೇಕೆಂಬುದು ಅವಳ ಆಸೆ. ನನ್ನ ಸ್ಟುಡಿಯೊದ ಬೆಂಚಿನ ಮೇಲೆ ಚಹಾ ಕುಡಿಯುತ್ತ ಎಷ್ಟೋ ಸಲ ಹೇಳಿದ್ದಳು.

ಅವಳ ಅಕ್ಕನ ಮಗ ಪರಸಪ್ಪ. ಹೆಸರನ್ನು ಪರಶ್ ಎಂದು ಕತ್ತರಿಸಿಕೊಂಡು ಕಾರ್ಯಕ್ರಮ ಏರ್ಪಡಿಸುವ ಕೆಲಸ ಮಾಡುತ್ತಿದ್ದ. ಒಂದು ದಿನ ಚಿಗವ್ವನನ್ನು ಕರೆದುಕೊಂಡು ಸ್ಟುಡಿಯೊಗೆ ಬಂದ. ಹಿಂದೆಯೇ ಮೇಕಪ್ಪಿನ ಪೆಟ್ಟಿಗೆ ಹಿಡಿದ ಒಬ್ಬ ಹುಡುಗಿ, ಒಂದು ರೇಷ್ಮೆ ಸೀರೆ.

"ಅಂಬಕ್ಕಾರ, ಚಿಗವ್ವನ್ನ ಬ್ರ್ಯಾಂಡ್ ಮಾಡಬೇಕಾಗೇತ್ರಿ" ಎಂದ.

"ಬ್ರ್ಯಾಂಡ್ ಅಂದ್ರ? ಸಾಬಾಣಕ್ಕ ಇರ್ತದಲ್ಲ, ಅದೇನು?"

"ಅದಽ ಅನ್ಕೋರಿ. ಸಾಬಾಣ ಚೊಲೊ ಇದ್ರ ಸಾಲೂದಿಲ್ಲ, ಮ್ಯಾಲಿನ ಕಾಗದಾನೂ ಚೊಲೊ ಇರಬೇಕು."

ವಿಷಯ ಇಷ್ಟು. ಒಂದು ದೊಡ್ಡ ಸೀರೆ ಕಂಪನಿ ಎಂಟು ಊರುಗಳಲ್ಲಿ ಹುಲಿಗೆವ್ವನ ಶಹನಾಯಿ ಕಛೇರಿ ಇಡಿಸುತ್ತದೆ. ಅದಕ್ಕೆ ಮೊದಲು ಬಸ್‌ಸ್ಟ್ಯಾಂಡಿನ ದೊಡ್ಡ ಬೋರ್ಡಿನ ಮೇಲೆ ಅವಳ ಫೋಟೊ, ಕೆಳಗೆ ಅವಳ ಹೆಸರು. ಫೋಟೊ ಒಂದು ವರ್ಷ ಇರಬೇಕು. ಕಾಗದಕ್ಕೆ ಹುಲಿಗೆವ್ವ ಆಗಲೇ ಸಹಿ ಹಾಕಿದ್ದಳು. "ನನ್ನ ಹೆಸರು ಎಷ್ಟು ದೊಡ್ಡದು ಬರೀತಾರ, ಅಂಬಕ್ಕಾ?" ಎಂದು ನನ್ನನ್ನು ಕೇಳಿದಳು. ಒಂದೊಂದು ಅಕ್ಷರ ನಿನ್ನಷ್ಟು ಎತ್ತರ ಎಂದೆ. ಅವಳು ನಕ್ಕದ್ದನ್ನು ನೋಡಿ ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮೇಕಪ್ಪಿನ ಹುಡುಗಿ ಒಂದು ತಾಸು ಕೆಲಸ ಮಾಡಿದಳು. ಬಿಸಿಲಲ್ಲಿ ಕಪ್ಪಾಗಿದ್ದ ಮುಖ ಬೆಳ್ಳಗಾಯಿತು. ವರ್ಷಾನುಗಟ್ಟಲೆ ಊದಿ ಊದಿ ಸಡಿಲಾಗಿದ್ದ ಕೆನ್ನೆಗಳಿಗೆ ಏನೇನೋ ಬಳಿದು ಒಳಗೆ ಹೋದಂತೆ ಕಾಣಿಸಿದಳು. ಪರಶ್ ನಿಂತು ಹೇಳಿಕೊಟ್ಟ: ಕಣ್ಣು ಅರ್ಧ ಮುಚ್ಚಬೇಕು, ಗದ್ದ ಸ್ವಲ್ಪ ಮೇಲೆ, ಶಹನಾಯಿ ತುಟಿಗೆ ತಾಕಿಯೂ ತಾಕದಂತೆ ಇರಬೇಕು, ತುಟಿಯ ತುದಿಯಲ್ಲಿ ಸಣ್ಣ ನಗೆ. ನಾನು ಲೈಟು ಸರಿಮಾಡಿದೆ. ಕ್ಯಾಮೆರಾದಲ್ಲಿ ಕಂಡ ಹುಲಿಗೆವ್ವ ದೇವಿಯ ಹಾಗೆ ಇದ್ದಳು. ಗುರುಶಾಂತಯ್ಯನವರೂ ಅವತ್ತು ಹೀಗೇ ದೇವರ ಹಾಗೆ ಕಂಡಿದ್ದರು.

"ಇದೇ ಮುಖ ಇರ್ಲೇನು, ಹುಲಿಗೆವ್ವಾ?" ಎಂದೆ.

"ಇರ್ಲಿ ಇರ್ಲಿ, ತಗೀರಿ" ಎಂದ ಪರಶ್.

"ನಿನ್ನ ಕೇಳಿಲ್ಲ, ಸುಮ್ನಿರು. ಇದೇ ಮುಖ ಇರ್ಲೇನು, ಹುಲಿಗೆವ್ವಾ?"

"ಇರ್ಲಿ ಅಂದ್ನಲ್ರಿ. ಕಂಪನಿಯವ್ರು ಕಾಯಾಕತ್ತಾರ."

ಹುಲಿಗೆವ್ವ ಎದುರಿಗೆ ಗೋಡೆಯ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಳು. ಆಮೇಲೆ ಶಹನಾಯಿಯನ್ನು ತೊಡೆಯ ಮೇಲಿಟ್ಟು ಅವನ ಕಡೆ ತಿರುಗಿದಳು.

"ಪರಸಾ, ಈ ಗಲ್ಲ ಇಟ್ಕೊಂಡು ನಾ ಸ್ಟೇಜ್ ಮ್ಯಾಲ ಹೆಂಗ ಊದ್ಲಿ? ಇದರಾಗ ಗಾಳಿ ನಿಲ್ಲೂದಿಲ್ಲ."

"ಊದೂದು ಬ್ಯಾಡ ಚಿಗವ್ವಾ. ಹೋದ ವಾರ ರೆಕಾರ್ಡ್ ಮಾಡ್ಕೊಂಡೀವಲ್ಲ, ಅದನ್ನ ಹಾಕ್ತೀವಿ. ನೀ ಚೆಂದಾಗಿ ಹಿಡ್ಕೊಂಡು ಕುಂತ್ರ ಸಾಕು. ವರ್ಷಾನ ಮ್ಯಾಲ ಫೋಟೊ ಇಳಸ್ತಾರ, ಆವಾಗ ಬೇಕಾದಷ್ಟು ಊದು."

ನಾನು ಬಾಯಿ ಹಾಕಲೇಬೇಕಾಯಿತು. "ವರ್ಷ ಊದದಿದ್ರ ಆಮ್ಯಾಲ ಉಸಿರು ಬರೂದಿಲ್ಲ, ಹುಲಿಗೆವ್ವಾ. ಗುರುಶಾಂತಯ್ಯನೋರ್ನ ನೀನಽ ನೋಡೀಯಲ್ಲ" ಎಂದೆ.

ಹುಲಿಗೆವ್ವ ಎದ್ದಳು. ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಆ ಹುಡುಗಿಯ ಒಂದು ತಾಸಿನ ಕೆಲಸ ಮೋರಿಗೆ ಹೋಯಿತು. ಸೆರಗಿನಿಂದ ಒರೆಸಿಕೊಳ್ಳುತ್ತ ಬಂದು ಮತ್ತೆ ಸ್ಟೂಲಿನ ಮೇಲೆ ಕೂತು, ಶಹನಾಯಿ ತುದಿಯ ಪೀಪಿಯನ್ನು ಬಾಯಲ್ಲಿ ನೆನೆಸಿ, ಊದಲು ಶುರುಮಾಡಿದಳು. ಕೆನ್ನೆಗಳು ಬುರುಬುರು ಪೂರಿಯಂತೆ ಉಬ್ಬಿದವು. ಕತ್ತಿನ ನರ ಎದ್ದು ನಿಂತವು, ಎಡಗಣ್ಣು ಕಿರಿದಾಯಿತು, ಬಲಗಣ್ಣು ಹೊರಗೆ ಬಂತು. ಕುಂಕುಮ ನೀರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಅಷ್ಟು ಹತ್ತಿರದಿಂದ ಅವಳು ಊದುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೈ ಜುಮ್ಮೆಂದಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಕಟ್ಟಳೆ ಮರೆತು, ಕೇಳದೆ ಬಟನ್ ಒತ್ತಿಬಿಟ್ಟೆ.

ಊದಿ ಮುಗಿಸಿದ ಮೇಲೆ ತೋರಿಸಿದೆ. ತಪ್ಪಾಯಿತು, ಅಳಿಸೆಂದರೆ ಅಳಿಸಿಬಿಡುತ್ತೇನೆ ಎಂದೆ. ಅವಳು ಕ್ಯಾಮೆರಾವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ಇದು ನಮ್ಮಪ್ಪನ ಮುಖ ಐತಿ" ಎಂದಳು. ಆಮೇಲೆ, "ಇದನ್ನಽ ಹಾಕ್ರಿ. ಇರ್ಲಿ, ಇರ್ಲಿ, ಇರ್ಲಿ. ಮೂರು ಸಲ ಅಂದೆ" ಎಂದಳು.

ಪರಶ್ ನಗಲೂ ಆಗದೆ ಅಳಲೂ ಆಗದೆ ನಿಂತಿದ್ದ. "ಇದನ್ನ ನೋಡಿ ಸೀರಿ ಯಾರು ತಗೋತಾರ್ರಿ?" ಎಂದ. ಸೀರೆ ಮಾರುವುದು ನನ್ನ ಕೆಲಸವಲ್ಲ ಎಂದೆ. ಅವನು ಪೆಟ್ಟಿಗೆ, ಹುಡುಗಿ, ಸೀರೆ ಎಲ್ಲವನ್ನೂ ಎತ್ತಿಕೊಂಡು ಹೊರಟುಹೋದ. ಅಲ್ಲಿಗೆ ಮುಗಿಯಿತು ಎಂದುಕೊಂಡ ದಡ್ಡಿ ನಾನು. ಮೇಕಪ್ ಮಾಡಿದಾಗಲೇ ಅವನು ತನ್ನ ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದುಕೊಂಡಿದ್ದು ನನ್ನ ಗಮನಕ್ಕೆ ಬಂದಿರಲಿಲ್ಲ.

ಗುರುವಾರ ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆಗೆಯುವಾಗ ಎದುರಿಗೆ ಬೋರ್ಡ್ ಏರಿತ್ತು. ಕಂಪ್ಯೂಟರಿನಲ್ಲಿ ಇನ್ನಷ್ಟು ತಿದ್ದಿದ್ದರು. ಇಪ್ಪತ್ತೈದರ ಹುಡುಗಿಯಂಥ ಕೆನ್ನೆ, ಅರ್ಧ ಮುಚ್ಚಿದ ಕಣ್ಣು, ತುಟಿಯಲ್ಲಿ ಸಣ್ಣ ನಗೆ. ಹೆಸರು ಮಾತ್ರ ನಾನು ಹೇಳಿದಷ್ಟೇ ದೊಡ್ಡದಿತ್ತು. ಬಸ್ಸಿಳಿದ ಜನ ತಲೆ ಎತ್ತಿ ನೋಡಿ ಎಷ್ಟು ಚೆಂದ ಎನ್ನುತ್ತಿದ್ದರು.

ಅರ್ಧ ತಾಸಿನಲ್ಲಿ ಹುಲಿಗೆವ್ವ ಓಡಿಬಂದಳು. ಅವಳು ಹೊತ್ತಿ ಉರಿಯುತ್ತಿದ್ದಳು, ಮುಖ ಮಾತ್ರ ಸಣ್ಣಗೆ ನಗುತ್ತಿತ್ತು. ಅಷ್ಟು ಭೀಕರವಾದದ್ದನ್ನು ನಾನು ನೋಡಿಲ್ಲ. ಬೈಯುತ್ತಿದ್ದಾಳೆ, ಕಣ್ಣಲ್ಲಿ ನೀರು ಬರುತ್ತಿದೆ, ತುಟಿಯ ತುದಿ ಮಾತ್ರ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತ ಮರ್ಯಾದಸ್ತರ ಮನೆಯ ಹುಡುಗಿಯದರಂತೆ ಮೇಲೆದ್ದಿದೆ. ಶಹನಾಯಿ ತೆಗೆದು ತುಟಿಗಿಟ್ಟಳು. ಕೆನ್ನೆ ಏಳಲಿಲ್ಲ. ಗಾಳಿಯೆಲ್ಲ ತುಟಿಯ ಸಂದಿಯಿಂದ ಸೋರಿ ಬರೇ ಪುಸ್ ಎಂದಿತು. ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಅಷ್ಟೇ.

"ಹನ್ನೆರಡೂವರಿಗೆ ಗೌಡರ ಮನಿ ಅಕ್ಷತಿ ಐತಿ, ಅಂಬಕ್ಕಾ. ನಾ ಏನ್ ಊದ್ಲಿ?" ಎಂದಳು ನಗುತ್ತಲೇ.

ನನಗೆ ಸಿಟ್ಟು ನೆತ್ತಿಗೇರಿತು. ಗುರುಶಾಂತಯ್ಯನವರ ಫೋಟೊ ಇಳಿಸಿ ಎಂದು ಕೈಮುಗಿದು ಕೇಳಿ ಹನ್ನೊಂದು ವರ್ಷ ಸುಮ್ಮನಿದ್ದವಳು ನಾನು. ಈ ಸಲ ಯಾರನ್ನೂ ಕೇಳುವುದಿಲ್ಲ ಎಂದುಕೊಂಡೆ. ಅವಳ ಕೈ ಹಿಡಿದುಕೊಂಡು ಪಕ್ಕದ ಗಲ್ಲಿಯ ಇಮಾಮಸಾಬನ ಫ್ಲೆಕ್ಸ್ ಅಂಗಡಿಗೆ ಹೋದೆ. ಇಮಾಮಸಾಬ ಒಳ್ಳೆಯವನು, ಮಾತು ಕಡಿಮೆ. ನಾನು ಕೊಟ್ಟ ಫೋಟೊವನ್ನು ಪರದೆಯ ಮೇಲೆ ನೋಡಿ ಕೈ ಹಿಂದೆ ತೆಗೆದ.

"ಅಂಬಕ್ಕಾ, ಇಷ್ಟು ದೊಡ್ಡದು ಕಟ್ಟಿದ್ರ ಈಕಿ ಉಣ್ಣುವಾಗ, ಮಲಗುವಾಗ ಹಿಂಗಽ ಇರ್ತಾಳ. ಒಂದಿನದ ಮಾತಲ್ಲ ಇದು."

"ಆಕಿಗೇ ಹೇಳು" ಎಂದೆ.

ಅವನು ಅವಳಿಗೆ ಹೇಳಿದ. ನಿಧಾನವಾಗಿ, ಒಂದೊಂದೇ ಹೇಳಿದ. ಮಕ್ಕಳು ಹೆದರಬಹುದು. ನಕ್ಕರೆ ನಗೆ ಕಾಣುವುದಿಲ್ಲ. ಅತ್ತರೂ ಊದುವ ಹಾಗೇ ಕಾಣುತ್ತದೆ. ಹುಲಿಗೆವ್ವ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು.

"ಅಣ್ಣಾ, ಈಗ ನಾ ನಗಾಕತ್ತೀನಿ ನೋಡು. ನನಗೇನು ನಗಿ ಬಂದೈತೇನು? ಇದಕ್ಕಿಂತ ಅದಽ ನಂದು. ತಗಿ ಜಲ್ದಿ, ಹೊತ್ತಾಗ್ತೈತಿ" ಎಂದಳು.

ಹನ್ನೊಂದೂವರೆಗೆ ನಾವು ಮೂವರೂ ಫ್ಲೆಕ್ಸ್ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆವು. ಬಣ್ಣ ಹೊಡೆಯುವವರ ಏಣಿ ತಂದು ಬೋರ್ಡಿಗೆ ಆನಿಸಿದೆವು. ಐವತ್ತೆಂಟರ ನಾನು ಸೀರೆ ಎತ್ತಿ ಕಟ್ಟಿ ಮೊದಲು ಹತ್ತಿದೆ, ಹಿಂದೆ ಹುಲಿಗೆವ್ವ ಹತ್ತಿದಳು. ಇಮಾಮಸಾಬ ಕೆಳಗಿನಿಂದ ಹಗ್ಗ ಕೊಡುತ್ತಿದ್ದ. ಕಾಯಿಪಲ್ಯೆ ಮಾರುವ ಹೆಂಗಸರು ಎದ್ದು ನಿಂತರು, ಹೊರಡಬೇಕಿದ್ದ ಬಸ್ಸು ಹೊರಡಲಿಲ್ಲ. ಯಾರೋ ಪೊಲೀಸರಿಗೆ ಹೇಳಬೇಕು ಎಂದರು. ಹೇಳು ಹೋಗು ಎಂದು ನಾನು ಮೇಲಿನಿಂದಲೇ ಕೂಗಿದೆ. ಯಾರೂ ಹೋಗಲಿಲ್ಲ.

ಕಂಪನಿಯ ಫ್ಲೆಕ್ಸ್ ಪೂರ್ತಿ ಮುಚ್ಚುವ ಹಾಗೆ ನಮ್ಮದನ್ನು ಹೊದಿಸಿ ಮೂರು ಮೂಲೆ ಬಿಗಿಯುವಷ್ಟರಲ್ಲಿ ಪರಶ್ ಬಂದ. "ಚಿಗವ್ವಾ, ಸಹಿ ಮಾಡೀದಿ. ಇಳಿ ಕೆಳಗ. ನಾನು ನಿನ್ನ ಹೆಸರು ಮಾಡಾಕ ಹೊಂಟೀನಿ, ನೀ ನಗಿಗೇಡು ಮಾಡ್ಕೊಳ್ಳಾಕತ್ತೀದಿ" ಎಂದ. ಅವನ ದನಿ ಒಡೆದಿತ್ತು. ಅವನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಇತ್ತು. ಚಪ್ಪಲಿಗಳ ಪಕ್ಕದಿಂದ ಅವಳನ್ನು ಎಬ್ಬಿಸಬೇಕೆಂದು ಅವನಿಗೂ ಇತ್ತು, ಆದರೆ ಎಬ್ಬಿಸಿ ಕೂರಿಸಲು ಹೊರಟದ್ದು ಬೇರೆ ಯಾರನ್ನೋ.

ಹುಲಿಗೆವ್ವ ನಾಲ್ಕನೆಯ ಹಗ್ಗವನ್ನು ತಾನೇ ಬಿಗಿದಳು. ನಾನು ಪಕ್ಕದಲ್ಲೇ ಇದ್ದೆ. ಗಂಟು ಬಿಗಿಯುತ್ತಿದ್ದಂತೆ ಆ ಸಣ್ಣ ನಗೆ ಅಳಿಸಿಹೋಯಿತು, ಕೆನ್ನೆ ತುಂಬಿಕೊಂಡವು, ಕತ್ತಿನ ನರ ಎದ್ದವು, ಎಡಗಣ್ಣು ಕಿರಿದಾಯಿತು. ಕೆಳಗೆ ಯಾರೋ ಕಿಸಕ್ಕೆಂದರು. ಅವಳು ಬೋರ್ಡಿನ ಅಡಿಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಎದೆ ತುಂಬ ಗಾಳಿ ಎಳೆದು ಊದಿದಳು. ತಲೆಗಳೆಲ್ಲ ಮೇಲೆದ್ದವು. ಅವಳು ಬಯಸಿದ ವೇದಿಕೆ ಅದಾಗಿರಲಿಲ್ಲ, ಆದರೂ ಜನ ಎದುರಿಗೇ ನಿಂತಿದ್ದರು. ಕಾಲು ತಾಸು ಊದಿದಳು. ಡ್ರೈವರ್ ಎಂಜಿನ್ ಬಂದ್ ಮಾಡಿದ.

ನಾವು ಇಳಿದು ಬಂದ ಮೇಲೆ ಪರಶ್ ಅವಳನ್ನು ಬಿಟ್ಟು ನನ್ನ ಎದುರಿಗೆ ಬಂದು ನಿಂತ. "ಮಂದಿ ಮುಖ ಹಿಂಗ ಮಾಡಾಕ ಬರ್ತದ ನಿಮಗ. ನಿಮ್ಮ ಮುಖ ಯಾವತ್ತರ ಗ್ವಾಡಿಗೆ ಹಾಕೀರೇನ್ರಿ? ಹಾಕ್ಕೋರಿ ನೋಡೂಣು" ಎಂದ. ಅಷ್ಟು ಜನರ ನಡುವೆ ಕೇಳಿದ. ಜೋರು ಬಾಯಿಯ ಅಂಬಕ್ಕ ಏಣಿ ಹೊತ್ತು ವಾಪಸ್ ಕೊಡಲು ಹೊರಟಳು. ಅವನ ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ಚುಚ್ಚಿತು.

ಗೌಡರ ಮನೆಯ ಅಕ್ಷತೆಗೆ ಹುಲಿಗೆವ್ವ ಸರಿಯಾದ ಹೊತ್ತಿಗೆ ತಲುಪಿದಳು. ಸಂಜೆ ಕಂಪನಿಯವರು ಬಂದು ಬೋರ್ಡಿನ ಎರಡೂ ಫ್ಲೆಕ್ಸ್ ಇಳಿಸಿದರು. ಕಾಗದ ಹರಿದುಹಾಕಿದರು, ಎಂಟು ಊರಿನ ಕಛೇರಿಯೂ ಅದರ ಜೊತೆಗೇ ಹೋಯಿತು. ಈಗ ಆ ಬೋರ್ಡಿನ ಮೇಲೆ ವೀಣೆ ಹಿಡಿದ ಬೇರೊಂದು ಹುಡುಗಿ ಇದ್ದಾಳೆ. ವೀಣೆ ಬಾರಿಸಲು ಬರುವುದಿಲ್ಲವಂತೆ, ಹಾಗಾಗಿ ಅವಳಿಗೆ ತೊಂದರೆಯಿಲ್ಲ. ನಮ್ಮ ಫ್ಲೆಕ್ಸನ್ನು ನಾವೇ ಹೊತ್ತು ತಂದು ನನ್ನ ಸ್ಟುಡಿಯೊದ ಹೊರಗೋಡೆಗೆ ಕಟ್ಟಿದೆವು. ಬೇಕಾದಾಗ ಬಿಚ್ಚೋಣ ಎಂದೆ ನಾನು. ಅವಳು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

ಆ ಮುಖದಲ್ಲಿ ಅವಳಿಗೆ ಎಲ್ಲ ಸುಲಭವಾಯಿತು ಎಂದರೆ ಸುಳ್ಳಾಗುತ್ತದೆ. ಮಾತಾಡಿದರೆ ಅರ್ಧ ಗಾಳಿ ಬರುತ್ತದೆ, ಚಹಾ ಕುಡಿಯಲು ಬಹಳ ಹೊತ್ತು ಬೇಕು. ಇಬ್ಬರು ಮದುವೆಯವರು ಪರದೆಯ ಹಿಂದೆ ಕೂತು ಊದು ಎಂದರು; ಹಾಗಾದರೆ ಬರುವುದಿಲ್ಲ ಎಂದಳು. ಒಬ್ಬರು ಬಿಟ್ಟೇಬಿಟ್ಟರು. ಇನ್ನೊಬ್ಬರು ಬೇರೆ ದಾರಿಯಿಲ್ಲದೆ ಚಪ್ಪರದ ಒಳಗೆ ಕುರ್ಚಿ ಹಾಕಿಸಿದರು. ಪತ್ರಿಕೆಯಲ್ಲಿ ಹೆಸರನ್ನೂ ಹಾಕಿಸಿದರು.

ಪರಶ್ ಕೇಳಿದ ಮಾತು ನನ್ನನ್ನು ಎಂಟು ದಿನ ತಿಂದಿತು. ಒಂಬತ್ತನೆಯ ದಿನ ಹುಲಿಗೆವ್ವನನ್ನು ಕರೆದು ಹಳೆಯ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟೆ. ನಾನು ನನ್ನ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತು, ರಸ್ತೆಯಲ್ಲಿ ಹೋಗುವ ಬಸ್ಸುಗಳ ಫೋಟೊ ತೆಗೆಯುತ್ತಿದ್ದೆ. ಆ ಕೆಲಸದಲ್ಲಿ ನಾನು ಹೇಗೆ ಕಾಣುತ್ತೇನೆ ಎಂಬುದು ನನಗೆ ಗೊತ್ತಿರಲಿಲ್ಲ. ಎಡಗಣ್ಣು ಮುಚ್ಚಿ, ಮೂಗು ಸೊಟ್ಟ ಮಾಡಿ, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತೇನೆ. ಅವಳು ಒತ್ತಿದಳು. ಇಮಾಮಸಾಬ ದೊಡ್ಡದು ಮಾಡಿಕೊಟ್ಟ. ಅವಳ ಫ್ಲೆಕ್ಸಿನ ಪಕ್ಕದಲ್ಲೇ ಕಟ್ಟಿದೆವು.

ಈಗ ನಾನು ಸಂತೆಗೆ ಹೋಗುವುದೂ, ಬ್ಯಾಂಕಿಗೆ ಹೋಗುವುದೂ ಈ ಮುಖದಲ್ಲೇ. ಕನ್ನಡಿಯ ಮುಂದೆ ನಿಂತಾಗ ಒಮ್ಮೊಮ್ಮೆ ಬೇಜಾರಾಗುತ್ತದೆ, ಆಗಲಿ. ಫೋಟೊ ತೆಗೆಸಿಕೊಳ್ಳಲು ಬಂದವರಿಗೆ ಮೊದಲು ನನ್ನನ್ನು ಸರಿಯಾಗಿ ನೋಡಿಕೊಳ್ಳಿ, ಆಮೇಲೆ ಕೂರಿ ಎನ್ನುತ್ತೇನೆ. ಅರ್ಧ ಜನ ಎದ್ದು ಹೋಗುತ್ತಾರೆ. ಹೋದವಾರ ಒಬ್ಬ ಕಮ್ಮಾರ ಬಂದು ಕೂತ. ಬೆಂಕಿಯ ಮುಂದೆ ತನ್ನ ಮುಖ ಹೇಗಿರುತ್ತದೋ ಹಾಗೇ ಬೇಕು ಎಂದ. ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವನ ಕುಲುಮೆಗೆ ನಡೆದೆ.